ಅರ್ಜಿಯಲ್ಲಿ ಯಾರ ಮಾತಿರಬೇಕು?

ಇಂಗ್ಲೆಂಡಿನ ಶಾಲೆಗಳ ಕೊನೆಯ ಎರಡು ವರ್ಷಗಳಿಗೆ ‘ಸಿಕ್ಸ್ತ್ ಫಾರ್ಮ್’ ಎನ್ನುತ್ತಾರೆ. ನಮ್ಮ ಪಿಯುಸಿ ಇದ್ದಂತೆ. ಅಲ್ಲಿಂದ ಆಕ್ಸ್‌ಫರ್ಡ್ ಅಥವಾ ಕೇಂಬ್ರಿಜ್ ಸೇರಬಯಸುವವರು ‘ಯುಕಾಸ್’ ಎಂಬ ಸಂಸ್ಥೆಯ ಮೂಲಕ ಅಕ್ಟೋಬರ್ 15ರೊಳಗೆ ಅರ್ಜಿ ಸಲ್ಲಿಸಬೇಕು.

ಅರ್ಜಿಯಲ್ಲಿ ವಿದ್ಯಾರ್ಥಿಯ ಸ್ವಂತ ಹೇಳಿಕೆಯೂ ಇರುತ್ತದೆ. 2026ರ ಪ್ರವೇಶದಿಂದ ಅದು ಮೂರು ಪ್ರಶ್ನೆಗಳಿಗೆ ಉತ್ತರ: ಈ ವಿಷಯವನ್ನೇ ಓದಬಯಸುವುದೇಕೆ? ಈವರೆಗಿನ ವ್ಯಾಸಂಗ ನಿಮ್ಮನ್ನು ಅದಕ್ಕೆ ಹೇಗೆ ಸಿದ್ಧಗೊಳಿಸಿದೆ? ತರಗತಿಯ ಹೊರಗೆ ಏನು ಮಾಡಿದ್ದೀರಿ? ಎಲ್ಲವೂ 4000 ಅಕ್ಷರಗಳೊಳಗೆ ಮುಗಿಯಬೇಕು.

ನೆರವಿಗೆ ಬಂದ ಅಧ್ಯಾಪಕರೋ ತಂದೆಯೋ ಎಡವುವುದು ಇಲ್ಲಿಯೇ. ಮಗುವಿನ ಮೇಲಿನ ಮಮತೆಯಿಂದ ಲೇಖನಿಯನ್ನು ತಾವೇ ಕೈಗೆತ್ತಿಕೊಳ್ಳುತ್ತಾರೆ. ಇದು ಉಪಕಾರವೇ? ಒಮ್ಮೆ ಯೋಚಿಸಿ ನೋಡಿ. ಹೇಳಿಕೆ ತನ್ನದೇ ಎಂದು ವಿದ್ಯಾರ್ಥಿ ದೃಢೀಕರಿಸಬೇಕು. ನೀವು ಬರೆದುಕೊಟ್ಟರೆ ಆ ಮೊದಲ ಮಾತೇ ಸುಳ್ಳಾಗುತ್ತದೆ. ನಕಲನ್ನು ಪತ್ತೆಹಚ್ಚುವ ಏರ್ಪಾಡು ಯುಕಾಸ್‌ನಲ್ಲಿದೆ. ಡಿಸೆಂಬರಿನ ಸಂದರ್ಶನದಲ್ಲಿ ಪ್ರಾಧ್ಯಾಪಕರು ಹೇಳಿಕೆಯಲ್ಲಿರುವ ಪುಸ್ತಕದ ಬಗ್ಗೆಯೇ ಕೇಳಬಹುದು. ಓದದವನು ಆಗ ಏನು ಹೇಳಿಯಾನು?

ಹಾಗಾದರೆ ನೆರವಾಗುವುದು ಹೇಗೆ? ಬರೆದುಕೊಡಬೇಡಿ, ಕೇಳಿ. ‘ಆ ಪುಸ್ತಕದಲ್ಲಿ ನಿನಗೆ ಒಪ್ಪಿಗೆಯಾಗದ ಮಾತು ಯಾವುದು?’ ‘ಆ ಪ್ರಯೋಗ ಏಕೆ ಕೆಟ್ಟಿತು?’ ಅವನು ಹೇಳಿದ್ದನ್ನು ಅವನೇ ಬರೆಯಲಿ. ಅರ್ಥವಾಗದ ವಾಕ್ಯಕ್ಕೆ ಗೆರೆ ಎಳೆಯಿರಿ. ತಿದ್ದುವ ಕೆಲಸವನ್ನು ಅವನಿಗೇ ಬಿಡಿ. ಬೇಸಿಗೆ ರಜೆಯಲ್ಲೇ ಆರಂಭಿಸಿದರೆ ಇದಕ್ಕೆಲ್ಲ ಸಮಯವಿರುತ್ತದೆ.

ಸೀಟು ಸಿಗದೆಯೂ ಇರಬಹುದು. ಆದರೆ ತನ್ನ ಮನಸ್ಸನ್ನು ತನ್ನದೇ ಮಾತಿನಲ್ಲಿ ಹೇಳಲು ಕಲಿತವನಿಗೆ ಆ ಕಲಿಕೆ ಎಲ್ಲಿ ಹೋದರೂ ಜೊತೆಗಿರುತ್ತದೆ.