ಮನೆಯ ಹಿಂದಿನ ಹಳ್ಳಕ್ಕೂ ಒಂದು ಕಣ್ಣಿರಲಿ

2024ರ ಸೆಪ್ಟೆಂಬರ್ 1, ಭಾನುವಾರ. ವಿಜಯವಾಡದಲ್ಲಿ ಟಿವಿ ಹಾಕಿದವರೆಲ್ಲ ಪ್ರಕಾಶಂ ಬ್ಯಾರೇಜನ್ನೇ ನೋಡುತ್ತಿದ್ದರು. ಎಪ್ಪತ್ತು ಗೇಟುಗಳ ಕೆಳಗೆ ಕೃಷ್ಣೆ ಕೆಂಪಗೆ ಭೋರ್ಗರೆಯುತ್ತಿತ್ತು. ಮೇಲಿನಿಂದ ತೇಲಿಬಂದ ದೋಣಿಗಳು ಗೇಟಿಗೆ ಬಡಿದು ಸಿಕ್ಕಿಕೊಂಡಿದ್ದವು. ಕ್ಯಾಮೆರಾಗಳೂ ಅಲ್ಲೇ, ಜನರ ಕಣ್ಣೂ ಅಲ್ಲೇ. ಅದೇ ಹೊತ್ತಿಗೆ ಹೊಳೆಯಿಂದ ದೂರ, ಊರಿನ ಉತ್ತರ ಭಾಗದಲ್ಲಿ ಸಿಂಗ್ ನಗರ, ಪಾಯಕಾಪುರಂ, ರಾಜರಾಜೇಶ್ವರಿ ಪೇಟೆಗಳ ಮನೆಯೊಳಗೆ ನೀರು ನುಗ್ಗಿಯಾಗಿತ್ತು. ಬಂದದ್ದು ಕೃಷ್ಣೆಯಲ್ಲ, ಬುಡಮೇರು ಎಂಬ ಹಳ್ಳ. ಕೃಷ್ಣೆ ಬ್ಯಾರೇಜಿನ ಚರಿತ್ರೆಯಲ್ಲೇ ಅತಿ ಹೆಚ್ಚಿನ 11.43 ಲಕ್ಷ ಕ್ಯೂಸೆಕ್ ಮುಟ್ಟಿದ್ದು ಮಾರನೆಯ ದಿನ. ಹೊಳೆದಂಡೆಗೇ ಅಂಟಿಕೊಂಡಿರುವ ಕೃಷ್ಣಲಂಕ ಬಡಾವಣೆ ತಡೆಗೋಡೆಯ ದೆಸೆಯಿಂದ ಬಹುಮಟ್ಟಿಗೆ ಉಳಿದುಕೊಂಡಿತು. ಹೊಳೆ ಕಣ್ಣಿಗೂ ಬೀಳದ ಬಡಾವಣೆಗಳು ಮುಳುಗಿದವು.

ಹಿನ್ನೆಲೆ ಇಷ್ಟು. ಬುಡಮೇರು ಮೈಲವರಂ ಕಡೆಯ ಗುಡ್ಡಗಳಲ್ಲಿ ಹುಟ್ಟಿ ಕೊಲ್ಲೇರು ಸರೋವರ ಸೇರುತ್ತದೆ. ಊರಿಗೆ ನುಗ್ಗದಿರಲೆಂದು ವೆಲಗಲೇರು ಬಳಿ ಅದನ್ನು ತಡೆದು, ತಿರುವು ಕಾಲುವೆಯೊಂದರ ಮೂಲಕ ಬ್ಯಾರೇಜಿನ ಮೇಲ್ಗಡೆ ಕೃಷ್ಣೆಗೆ ಬಿಡುವ ಏರ್ಪಾಡಿದೆ. ಆದರೆ ಕೃಷ್ಣೆಯೇ ತುಂಬಿ ನಿಂತಾಗ ಅದು ಇನ್ನೊಬ್ಬರ ನೀರನ್ನು ಎಲ್ಲಿ ಒಳಗೆ ಬಿಟ್ಟುಕೊಳ್ಳುತ್ತದೆ? ಕಾಲುವೆಯ ಏರಿ ಮೂರು ಕಡೆ ಒಡೆಯಿತು. ಸೈನ್ಯ ಬಂದು ಕೊನೆಯ ಒಡಕು ಮುಚ್ಚುವಾಗ ಸೆಪ್ಟೆಂಬರ್ 7.

ಏರುವ ನೀರಿನ ಜಾಡು ಹಿಡಿಯಲು ಹೊರಟವರು ಮೊದಲು ತಪ್ಪುವುದೇ ಇಲ್ಲಿ. ದೊಡ್ಡ ನೀರನ್ನು ನೋಡುತ್ತ ಕೂರುತ್ತಾರೆ. ಮನೆಗೆ ಬರುವ ನೀರನ್ನು ನೋಡುವುದಿಲ್ಲ. ಬೆಂಗಳೂರಿನಲ್ಲೂ ಇದೇ ಕಥೆ. 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರದ ಅಪಾರ್ಟ್‌ಮೆಂಟುಗಳಿಗೆ ದೋಣಿ ಇಳಿಸಬೇಕಾಗಿ ಬಂದದ್ದು ಯಾವ ನದಿಯಿಂದಲೂ ಅಲ್ಲ, ಕೆರೆ ತುಂಬಿ ಹರಿದದ್ದರಿಂದ. 2022ರ ಸೆಪ್ಟೆಂಬರ್‌ನಲ್ಲಿ ಸರ್ಜಾಪುರ ರಸ್ತೆಯ ಬಡಾವಣೆಗಳಿಂದ ಐಟಿ ಉದ್ಯೋಗಿಗಳು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದಾಗಲೂ ನೀರು ಬಂದದ್ದು ಮೇಲಿನ ಕೆರೆಗಳ ಕೋಡಿ ಮತ್ತು ಒತ್ತುವರಿಯಾದ ರಾಜಕಾಲುವೆಗಳಿಂದ.

ಆದ್ದರಿಂದ ಮೊದಲ ಕೆಲಸ, ಮಳೆ ಇಲ್ಲದ ಒಂದು ದಿನ ಮನೆಯ ಮುಂದಿನ ಚರಂಡಿ ಹಿಡಿದು ನಡೆಯುವುದು. ಕೆಳಕ್ಕೆ ನಡೆದರೆ ನೀರು ಎಲ್ಲಿಗೆ ಹೋಗುತ್ತದೆಂದು ತಿಳಿಯುತ್ತದೆ. ಮೇಲಕ್ಕೆ ನಡೆದರೆ ಎಲ್ಲಿಂದ ಬರುತ್ತದೆಂದು. ಎರಡೂ ಬೇಕು, ಆದರೆ ಮೇಲಕ್ಕೆ ನಡೆಯುವವರು ಕಡಿಮೆ. ದಾರಿಯಲ್ಲಿ ಮೋರಿ ಎಲ್ಲಿ ಕಿರಿದಾಗುತ್ತದೆ, ಎಲ್ಲಿ ರಸ್ತೆಯಡಿ ನುಸುಳುತ್ತದೆ, ಯಾರ ಕಾಂಪೌಂಡು ಅದರ ಮೇಲೆ ಕೂತಿದೆ, ಮೇಲೆ ಕೆರೆಯಿದ್ದರೆ ಕೋಡಿ ಯಾವ ದಿಕ್ಕಿಗಿದೆ, ಎಲ್ಲ ಬರೆದುಕೊಳ್ಳಬೇಕು. ಕರ್ನಾಟಕದಲ್ಲಿ ‘ದಿಶಾಂಕ್’ ಆ್ಯಪ್ ತೆರೆದರೆ ಈಗಿನ ರಸ್ತೆಗಳ ಮೇಲೆ ಹಳೆಯ ಸರ್ವೆ ನಕ್ಷೆ ಕಾಣುತ್ತದೆ. ಮನೆ ಕಟ್ಟಿದವರು ಮರೆತ ಹಳ್ಳವನ್ನು ಆ ನಕ್ಷೆ ಮರೆತಿರುವುದಿಲ್ಲ. ಬೀದಿಯ ಹಳೆಯ ಕಿರಾಣಿ ಅಂಗಡಿಯವರನ್ನೂ ಕೇಳಬೇಕು. ಯಾವ ವರ್ಷ ಅಕ್ಕಿ ಮೂಟೆ ನೆನೆಯಿತೆಂದು ಅವರು ಸರ್ಕಾರಿ ಕಡತಕ್ಕಿಂತ ಚೆನ್ನಾಗಿ ಹೇಳುತ್ತಾರೆ.

ಒಂದೇ ಪೇಟೆಗೆ ಒಂದೇ ನೀರು ಎಂಬ ಲೆಕ್ಕವೂ ಸರಿಯಲ್ಲ. ವಿಜಯವಾಡದ ಹಳೇ ಪೇಟೆಯಾದ ಒನ್ ಟೌನನ್ನೇ ತೆಗೆದುಕೊಳ್ಳಿ. ಒಂದು ಮಗ್ಗುಲಲ್ಲಿ ಕೃಷ್ಣೆ. ಇನ್ನೊಂದು ಕಡೆ ಇಂದ್ರಕೀಲಾದ್ರಿಯ ಇಳಿಜಾರು. ಅಲ್ಲಿನ ಮೆಟ್ಟಿಲುಗಲ್ಲಿಗಳಲ್ಲಿ ಮಳೆನೀರು ನಿಮಿಷಗಳಲ್ಲಿ ಧುಮುಕುತ್ತದೆ. ಚಿಟ್ಟಿನಗರದಾಚೆ ಹೋದರೆ ಬುಡಮೇರಿನ ಹರವು. ಹೊಳೆ ಮಗ್ಗುಲಿನವರು ಬ್ಯಾರೇಜಿನ ಸುದ್ದಿ ಕೇಳಬೇಕು, ಚಿಟ್ಟಿನಗರದಾಚೆಯವರು ವೆಲಗಲೇರಿನ ಸುದ್ದಿ. ಗುಡ್ಡದ ಮೇಲಿನವರಿಗೆ ನೀರಿನ ಎತ್ತರದ ಲೆಕ್ಕವೇ ಬೇಡ. ಅವರು ನೋಡಬೇಕಾದದ್ದು ಮಣ್ಣನ್ನು. ತಡೆಗೋಡೆಯ ಬಿರುಕು ಅಗಲವಾಗುತ್ತಿದೆಯೇ, ತಿಳಿಯಾಗಿ ಒಸರುತ್ತಿದ್ದ ನೀರು ಕೆಂಪಗಾಯಿತೇ, ಕಂಬ ವಾಲಿತೇ? 2024ರ ಆಗಸ್ಟ್ 31ರಂದು ವಿಜಯವಾಡದ್ದೇ ಆದ ಮೊಗಲ್ರಾಜಪುರಂನಲ್ಲಿ ಗುಡ್ಡ ಕುಸಿದು ಜನ ಸತ್ತಿದ್ದರು. ವಿಶಾಖಪಟ್ಟಣದಲ್ಲೂ ಒಂದು ಒನ್ ಟೌನ್ ಇದೆ, ಬಂದರಿನ ಬಳಿ. ಅಂಥ ಕಡಲ ತಡಿಯ ಪೇಟೆಗಳಲ್ಲಿ ಭರತದ ವೇಳೆಯನ್ನೂ ತಿಳಿದಿರಬೇಕು, ಏಕೆಂದರೆ ಸಮುದ್ರ ಏರಿರುವಾಗ ಚರಂಡಿ ಖಾಲಿಯಾಗುವುದಿಲ್ಲ. ಮಂಗಳೂರಿನ ತಗ್ಗು ಪ್ರದೇಶದವರಿಗೂ ಇದು ಲಾಗೂ.

ಮುಂದಿನದು ಅಳತೆ. ಬಹುತೇಕರು ಫೋನ್ ತೆಗೆದು ‘ನಮ್ಮ ಮನೆ ಸಮುದ್ರಮಟ್ಟದಿಂದ ಇಷ್ಟು ಮೀಟರ್’ ಎಂದು ನೋಡಿ ನೆಮ್ಮದಿಯಾಗುತ್ತಾರೆ. ಫೋನಿನ ಜಿಪಿಎಸ್ ತೋರಿಸುವ ಎತ್ತರದಲ್ಲಿ ಹಲವು ಮೀಟರ್ ಹೆಚ್ಚುಕಡಿಮೆ ಇರುತ್ತದೆ. ನೀರು ಒಳಗೆ ಬರಲು ಅರ್ಧ ಅಡಿ ಸಾಕು. ಇದಕ್ಕೆ ಗಾರೆ ಕೆಲಸದವರ ಹತ್ತಿರ ಇರುವ ನೀರು ತುಂಬಿದ ಪಾರದರ್ಶಕ ಪೈಪೇ ಸರಿಯಾದ ಸಾಧನ. ಒಂದು ತುದಿಯನ್ನು ಒಬ್ಬರು ಹೊಸಿಲ ಬಳಿ ಹಿಡಿದು, ಪೈಪಿನ ನೀರು ಸರಿಯಾಗಿ ಹೊಸಿಲ ಮಟ್ಟಕ್ಕೆ ಬರುವಂತೆ ಮಾಡಬೇಕು. ಇನ್ನೊಂದು ತುದಿಯನ್ನು ಇನ್ನೊಬ್ಬರು ಬೀದಿಯ ಅತ್ಯಂತ ತಗ್ಗಿನ ಜಾಗದ ಕಂಬಕ್ಕೋ ಗೋಡೆಗೋ ಆನಿಸಿ ಹಿಡಿಯಬೇಕು. ಅಲ್ಲಿ ಪೈಪಿನ ನೀರು ನಿಂತ ಎತ್ತರವೇ ಹೊಸಿಲಿನ ಮಟ್ಟ. ದೂರ ಹೆಚ್ಚಿದ್ದರೆ ನಡುವೆ ಒಂದೆರಡು ಕಡೆ ನಿಂತು ಮಟ್ಟವನ್ನು ದಾಟಿಸಿಕೊಂಡು ಹೋದರಾಯಿತು. ಪೈಪಿನೊಳಗೆ ಗಾಳಿಗುಳ್ಳೆ ಇರಬಾರದು, ತುದಿಯನ್ನು ಬೆರಳಿನಿಂದ ಮುಚ್ಚಿಕೊಂಡಿರಬಾರದು. ಈ ಎರಡರಲ್ಲಿ ಒಂದು ತಪ್ಪಿದರೂ ಅಳತೆ ಕೆಟ್ಟಿತೆಂದೇ ಅರ್ಥ.

ಆ ತಗ್ಗಿನ ಗೋಡೆಯ ಮೇಲೆ ಆಯಿಲ್ ಪೇಂಟಿನಿಂದ ಗೆರೆ ಎಳೆಯಬೇಕು. ಸೀಮೆಸುಣ್ಣ ಮೊದಲ ಮಳೆಗೇ ಹೋಗುತ್ತದೆ. ಕೆಳಗಿನಿಂದ ಮೇಲಕ್ಕೆ ಮೂರು ಮೂರು ಇಂಚಿಗೆ ಒಂದು ಗೆರೆ, ಹೊಸಿಲಿನ ಮಟ್ಟಕ್ಕೆ ಮಾತ್ರ ಕೆಂಪು. ಪೇಂಟಿಗೆ ಗೋಡೆಯ ಮಾಲೀಕರು ಒಪ್ಪದಿದ್ದರೆ ಇಟ್ಟಿಗೆ ವರಸೆ ಎಣಿಸಿದರೂ ಸಾಕು, ಒಂದು ವರಸೆ ಎಷ್ಟು ಇಂಚೆಂದು ಮೊದಲೇ ಅಳೆದಿಟ್ಟುಕೊಂಡಿದ್ದರೆ. ‘ಮೊಣಕಾಲುದ್ದ ನೀರು’ ಎಂಬ ಅಳತೆಯನ್ನು ಮಾತ್ರ ಬಿಟ್ಟುಬಿಡಬೇಕು. ಯಾರ ಮೊಣಕಾಲು, ಎಲ್ಲಿ ನಿಂತಾಗ, ಎಷ್ಟು ಗಂಟೆಗೆ? ವಿಪತ್ತಿನ ದಿನ ವಾಟ್ಸ್‌ಆ್ಯಪ್ ತುಂಬ ಹರಿದಾಡುವುದು ಇಂಥ ಮೊಣಕಾಲುಗಳೇ, ಅದರಲ್ಲೂ ಅರ್ಧಕ್ಕರ್ಧ ನಿನ್ನೆಯವು.

ಲೆಕ್ಕ ಕಷ್ಟದ್ದಲ್ಲ. ಸಂಜೆ 4ಕ್ಕೆ ತಗ್ಗಿನ ಗೋಡೆಯಲ್ಲಿ ನೀರು 6 ಇಂಚಿತ್ತು, 4.20ಕ್ಕೆ 9 ಇಂಚಾಯಿತು ಅನ್ನಿ. ಇಪ್ಪತ್ತು ನಿಮಿಷಕ್ಕೆ 3 ಇಂಚು, ಗಂಟೆಗೆ 9. ಹೊಸಿಲಿನ ಕೆಂಪು ಗೆರೆ 27 ಇಂಚಿಗಿದ್ದರೆ ಉಳಿದದ್ದು 18 ಇಂಚು, ಎರಡು ಗಂಟೆ. ಆದರೆ ಎರಡು ಗಂಟೆ ಇದೆಯೆಂದು ನಂಬಬಾರದು. ಒಂದೇ ಗಂಟೆ ಇದೆಯೆಂದು ಕೆಲಸ ಶುರುಮಾಡಬೇಕು. ಖಾಲಿ ಮೈದಾನ, ನೆಲಮಾಳಿಗೆ, ತಗ್ಗಿನ ಸೈಟುಗಳು ತುಂಬುವವರೆಗೆ ನೀರು ನಿಧಾನವಾಗಿ ಏರುತ್ತದೆ. ಅವು ತುಂಬಿದ ಕ್ಷಣದಿಂದ ವೇಗ ಹೆಚ್ಚುತ್ತದೆ. ಒಂದು ಗಂಟೆ ಸುಮ್ಮನಿದ್ದ ನೀರು ಏಕಾಏಕಿ ಎರಡು ಗೆರೆ ದಾಟುವುದು ಹೀಗೆಯೇ. ಈ ಪೈಪಿನ ಲೆಕ್ಕ ನಡೆಯುವುದು ನಿಂತು ತುಂಬುವ ನೀರಿಗೆ ಮಾತ್ರ. ಇಳಿಜಾರಿನಲ್ಲಿ ರಭಸವಾಗಿ ಹರಿಯುವ ನೀರು ಮೇಲ್ಗಡೆ ಎತ್ತರ, ಕೆಳಗಡೆ ತಗ್ಗು ಇರುತ್ತದೆ.

ಮಳೆ ನಿಂತಿತೆಂದು ಲೆಕ್ಕ ನಿಲ್ಲಿಸುವವರಿದ್ದಾರೆ. ಕೆರೆಯ ಕೋಡಿ ಬೀಳುವುದು, ಏರಿ ಒಡೆಯುವುದು ಹಲವು ಸಲ ಬಿಸಿಲು ಬಂದ ಮೇಲೆ. ಗುರುತಿನಲ್ಲಿ ನೀರು ಇಳಿದದ್ದು ಕಂಡು, ಮೇಲಿನವರೂ ಇಳಿಯಿತೆಂದು ಹೇಳಿದ ಮೇಲಷ್ಟೇ ಕಾವಲು ಬಿಡಬೇಕು.

ಮೇಲಿನವರು ಎಂದರೆ ಯಾರು? ಚರಂಡಿ ಹಿಡಿದು ಮೇಲಕ್ಕೆ ನಡೆದಾಗ ಪರಿಚಯ ಮಾಡಿಕೊಂಡವರು. ಕೆರೆ ಏರಿಯ ಬಳಿ ಒಬ್ಬರು, ನಡುವೆ ಒಂದು ಮೋರಿಯ ಬಳಿ ಒಬ್ಬರು, ಕೊನೆಗೆ ಬೀದಿಯವರು. ಮೂರು ಕಣ್ಣು ಸಾಕು. ಸಂದೇಶದಲ್ಲಿ ನಾಲ್ಕೇ ಸಂಗತಿ ಇರಬೇಕು: ಜಾಗ, ಗೆರೆ, ಗಂಟೆ, ಏರುತ್ತಿದೆಯೋ ಇಳಿಯುತ್ತಿದೆಯೋ. ‘ತುಂಬ ನೀರು ಬರ್ತಿದೆ ಎಲ್ಲರೂ ಹುಷಾರು’ ಎಂಬುದು ಸಂದೇಶವಲ್ಲ, ಗಾಬರಿ. 2015ರಲ್ಲಿ ಚೆನ್ನೈ ಮುಳುಗಿದಾಗ ನಿವಾಸಿಗಳೇ ಮುಳುಗಿದ ಬೀದಿಗಳನ್ನು ಅಂತರ್ಜಾಲದ ಭೂಪಟದ ಮೇಲೆ ಗುರುತಿಸುತ್ತ ಹೋಗಿ, ಸಾವಿರಾರು ಬೀದಿಗಳ ನಕ್ಷೆ ಎದ್ದು ನಿಂತಿತು. ಹೇಳಿಕೆಗೆ ಜಾಗ ಸೇರಿದಾಗಷ್ಟೇ ಅದು ಇನ್ನೊಬ್ಬರ ಕೆಲಸಕ್ಕೆ ಬರುತ್ತದೆ.

ಸರ್ಕಾರಿ ಮಾಹಿತಿಯನ್ನು ಬಿಡಬೇಕಿಲ್ಲ, ಅದರ ಮಿತಿ ತಿಳಿದಿರಬೇಕು. ಕೇಂದ್ರ ಜಲ ಆಯೋಗದ ‘ಫ್ಲಡ್‌ವಾಚ್ ಇಂಡಿಯಾ’ ಆ್ಯಪ್‌ನಲ್ಲಿ ದೊಡ್ಡ ನದಿಗಳ ಮಾಪನ ಕೇಂದ್ರಗಳಿವೆ. ಎಚ್ಚರಿಕೆಯ ಮಟ್ಟ, ಅಪಾಯದ ಮಟ್ಟ ಎರಡೂ ಕಾಣುತ್ತವೆ. ಕರ್ನಾಟಕದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣಮಿತ್ರ’ ಸಹಾಯವಾಣಿ (92454 33300) ಮಳೆಯ ಮಾಹಿತಿ ಕೊಡುತ್ತದೆ. ಬೆಂಗಳೂರಿಗೆ ‘ಮೇಘ ಸಂದೇಶ’ ಆ್ಯಪ್ ಇದೆ. ಜಿಲ್ಲಾ ನಿಯಂತ್ರಣ ಕೊಠಡಿಗೆ 1077, ತುರ್ತಿಗೆ 112. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್ ಹರಿವು; ಅದು ಎತ್ತರವಲ್ಲ. ಪ್ರಕಾಶಂ ಬ್ಯಾರೇಜಿನಲ್ಲಿ 3.97 ಲಕ್ಷ ಕ್ಯೂಸೆಕ್ಕಿಗೆ ಮೊದಲ ಎಚ್ಚರಿಕೆ, 5.69 ಲಕ್ಷಕ್ಕೆ ಎರಡನೆಯದು. ಆಲಮಟ್ಟಿ, ನಾರಾಯಣಪುರದ ಹೊರಹರಿವನ್ನು ದಿನಾ ಪತ್ರಿಕೆಯಲ್ಲಿ ಓದುವ ಬಾಗಲಕೋಟೆ, ರಾಯಚೂರಿನವರಿಗೆ ಈ ಲೆಕ್ಕ ಹೊಸದಲ್ಲ. ಆದರೂ ಒಂದು ಮಾತು. 2024ರ ಆ ಸೆಪ್ಟೆಂಬರ್‌ನಲ್ಲಿ ಶ್ರೀಶೈಲ, ನಾಗಾರ್ಜುನ ಸಾಗರದ ಅಂಕಿಗಳನ್ನಷ್ಟೇ ನೋಡಿ ಕೂತವರ ಲೆಕ್ಕ ತಪ್ಪುತ್ತಿತ್ತು. ಖಮ್ಮಂ ಪಟ್ಟಣವನ್ನು ಮುಳುಗಿಸಿದ ಮುನ್ನೇರು ಆ ಜಲಾಶಯಗಳ ಕೆಳಗೆ, ಬ್ಯಾರೇಜಿನ ಮೇಲೆ ಕೃಷ್ಣೆಯನ್ನು ಸೇರುತ್ತದೆ. ಅಣೆಕಟ್ಟೆಯ ಅಂಕಿ ನೋಡುವವರು ಅದರ ಕೆಳಗೆ ಯಾವ ಹಳ್ಳ ಬಂದು ಕೂಡುತ್ತದೆಂದೂ ನೋಡಬೇಕು.

ಯಾವ ಗೆರೆಗೆ ಏನು ಮಾಡಬೇಕೆಂದು ಮಳೆಗಾಲಕ್ಕೆ ಮುಂಚೆಯೇ ಮನೆಮಂದಿ ತೀರ್ಮಾನಿಸಿರಬೇಕು; ನೀರು ಬಂದ ಮೇಲೆ ವಾದಕ್ಕೆ ಕೂತರೆ ಅಜ್ಜನ ಮಾತು ಗೆಲ್ಲುತ್ತದೆ, ಅಜ್ಜ ‘ಏನೂ ಆಗಲ್ಲ’ ಅನ್ನುತ್ತಾರೆ. ಉದಾಹರಣೆಗೆ ಕೆಂಪು ಗೆರೆಗೆ ಮೂರು ಗೆರೆ ಕೆಳಗಿರುವಾಗ ಗಾಡಿ ಎತ್ತರದ ರಸ್ತೆಗೆ, ಕಾಗದಪತ್ರ ಮತ್ತು ಔಷಧಿ ಅಟ್ಟಕ್ಕೆ. ಎರಡು ಗೆರೆ ಕೆಳಗಿರುವಾಗ ಮೇನ್ ಸ್ವಿಚ್ ಆಫ್, ಮುದುಕರು ಮಕ್ಕಳು ಹೊರಡುವುದು. ನೀರಲ್ಲಿ ನಿಂತು ಸ್ವಿಚ್ ಮುಟ್ಟುವಂತಿಲ್ಲ. 2025ರ ಮೇ ತಿಂಗಳಲ್ಲಿ ಬೆಂಗಳೂರಿನ ಬಿಟಿಎಂ ಬಡಾವಣೆಯ ಅಪಾರ್ಟ್‌ಮೆಂಟೊಂದರ ನೆಲಮಾಳಿಗೆಯಲ್ಲಿ ನೀರು ಹೊರಹಾಕುವಾಗ ವಿದ್ಯುತ್ ತಗುಲಿ ಇಬ್ಬರು ಸತ್ತರು. ಕೆಳಸೇತುವೆಯಲ್ಲಿ ನಿಂತ ನೀರಿಗೆ ಗಾಡಿ ಇಳಿಸುವುದಂತೂ ಬೇಡವೇ ಬೇಡ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ಕಾರು ಸಿಕ್ಕಿಕೊಂಡು ಆಂಧ್ರದ ಯುವತಿಯೊಬ್ಬರು ತೀರಿಕೊಂಡರು. ಒಂದಡಿ ಹರಿಯುವ ನೀರು ಸಣ್ಣ ಕಾರನ್ನು ತೇಲಿಸಬಲ್ಲದು.

ನೀರು ಇಳಿದ ಮೇಲಿನದು ಚುಟುಕಾಗಿ. ಸಂಪಿನ ನೀರು ಪೂರ್ತಿ ಖಾಲಿ ಮಾಡಿ ಬ್ಲೀಚಿಂಗ್ ಪುಡಿಯಿಂದ ತೊಳೆಯುವವರೆಗೆ ಕುಡಿಯಬಾರದು. ವೈರಿಂಗ್ ಪರೀಕ್ಷಿಸದೆ ಮೇನ್ ಹಾಕಬಾರದು. ಗೋಡೆ ತೊಳೆಯುವ ಮೊದಲು ಕೆಸರಿನ ಕಲೆ ಎಲ್ಲಿಯವರೆಗಿದೆಯೆಂದು ಟೇಪು ಹಿಡಿದು ಫೋಟೋ ತೆಗೆದಿಡಬೇಕು. ವಿಜಯವಾಡದಲ್ಲಿ ಸರ್ಕಾರ ಪರಿಹಾರ ಪ್ರಕಟಿಸಿದಾಗ ನೆಲಮಹಡಿಯ ಮನೆಗೆ 25,000 ರೂಪಾಯಿ, ಮೇಲಿನ ಮಹಡಿಗೆ 10,000 ಎಂದು ಗೊತ್ತುಮಾಡಿತು. ಎಣಿಕೆದಾರರು ಬರುವ ಹೊತ್ತಿಗೆ ಗೋಡೆಗೆ ಸುಣ್ಣ ಹೊಡೆದಾಗಿದ್ದರೆ ತೋರಿಸಲು ಕೈಯಲ್ಲಿರುವುದು ಆ ಫೋಟೋ ಒಂದೇ. ಅದೇ ಕಲೆಯ ಮಟ್ಟವನ್ನು ಬೀದಿಯ ಗೋಡೆಯಲ್ಲೂ ತಾರೀಖು ಸಮೇತ ಪೇಂಟಿನಲ್ಲಿ ಬರೆದಿಡಬೇಕು. ಮುಂದಿನ ಮಳೆಗಾಲದ ಕೆಂಪು ಗೆರೆಯ ಪಕ್ಕದಲ್ಲೇ ಅದೂ ಇರಲಿ.