ಗ್ಯಾಸು ತುಂಬಿಸುವ ಮೊದಲು

ತಮ್ಮಾ, ಪಿಕಪ್ಪಿನ ಏಸಿ ಬಿಸಿಗಾಳಿ ಊದುತ್ತಿದೆ, ಸೂರತ್ ಬಿಟ್ಟು ಅಹಮದಾಬಾದ್ ಮುಟ್ಟುವಷ್ಟರಲ್ಲಿ ಅಂಗಿ ಹಿಂಡಿದರೆ ನೀರು ಸುರಿಯುತ್ತದೆ ಎಂದು ನೀನು ಹೇಳಿದೆ. ನಾರೋಲ್ ಕಡೆ ಯಾವುದಾದರೂ ಗ್ಯಾರೇಜಿನಲ್ಲಿ ಗ್ಯಾಸು ತುಂಬಿಸಿಬಿಡುತ್ತೇನೆ ಎಂದೂ ಅಂದೆ. ಈಗಲೇ ತುಂಬಿಸಬೇಡ, ಎರಡು ಮಾತು ಕೇಳು.

ಏಸಿಯ ಗ್ಯಾಸು ಡೀಸೆಲ್ಲಿನಂತೆ ಉರಿದು ಮುಗಿಯುವುದಿಲ್ಲ. ಮುಚ್ಚಿದ ಪೈಪುಗಳೊಳಗೆ ಅದೇ ಗ್ಯಾಸು ಸುತ್ತುತ್ತಿರುತ್ತದೆ. ಕಂಪ್ರೆಸರ್ ಅದನ್ನು ಒತ್ತಿ ಕಳಿಸುತ್ತದೆ. ರೇಡಿಯೇಟರಿನ ಮುಂದೆ ಕೂತ ಕಂಡೆನ್ಸರಿನಲ್ಲಿ ಅದು ತನ್ನ ಬಿಸಿಯನ್ನು ಹೊರಗಿನ ಗಾಳಿಗೆ ಬಿಟ್ಟು ದ್ರವವಾಗುತ್ತದೆ. ಅಲ್ಲಿಂದ ಎಕ್ಸ್‌ಪಾನ್ಷನ್ ವಾಲ್ವ್ ದಾಟಿ, ಡ್ಯಾಶ್‌ಬೋರ್ಡಿನ ಹಿಂದಿನ ಕೂಲಿಂಗ್ ಕಾಯಿಲಿನಲ್ಲಿ ಆವಿಯಾಗುತ್ತ ಕ್ಯಾಬಿನ್ನಿನ ಬಿಸಿಯನ್ನು ಹೀರಿಕೊಳ್ಳುತ್ತದೆ. ವರ್ಷಾನುಗಟ್ಟಲೆ ಓಡಿದ ಗಾಡಿಯಲ್ಲಿ ರಬ್ಬರ್ ಪೈಪಿನ ಮೂಲಕ ತುಸು ಗ್ಯಾಸು ಹೋಗುವುದುಂಟು. ಆದರೆ ಹೋದ ಬೇಸಿಗೆಯಲ್ಲಿ ತುಂಬಿಸಿದ್ದು ಈ ಬೇಸಿಗೆಗೆ ಇಲ್ಲವೆಂದರೆ ಎಲ್ಲೋ ಸೋರಿಕೆ ಇದೆ. ಅದನ್ನು ಹುಡುಕದೆ ಮತ್ತೆ ತುಂಬಿಸಿದರೆ ಹಣ ಗಾಳಿಗೆ ಹೋಗುತ್ತದೆ. ಆ ಗ್ಯಾಸೂ ಸುಮ್ಮನೆ ಹೋಗುವುದಿಲ್ಲ. ಈಗಿನ ಹೆಚ್ಚಿನ ಗಾಡಿಗಳಲ್ಲಿರುವ ಆರ್-134ಎ, ಭೂಮಿಯನ್ನು ಕಾಯಿಸುವುದರಲ್ಲಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಬಲದ್ದು.

ಗ್ಯಾರೇಜಿಗೆ ಹೋಗುವ ಮೊದಲು ನೀನೇ ಒಮ್ಮೆ ನೋಡು. ಇಂಜಿನ್ ಚಾಲೂ ಮಾಡಿ, ಏಸಿ ಹಾಕಿ, ಬಾನೆಟ್ ಎತ್ತು. ಬೆಲ್ಟು, ಫ್ಯಾನುಗಳ ಹತ್ತಿರ ಕೈಯಾಗಲಿ ಕೊರಳಿನ ಟವೆಲ್ಲಾಗಲಿ ಹೋಗದಿರಲಿ. ಕಂಪ್ರೆಸರಿನ ಕ್ಲಚ್ ‘ಟಕ್’ ಎಂದು ಹಿಡಿದು ಅದರ ಮುಂಭಾಗ ತಿರುಗುತ್ತಿದೆಯೇ? ಹಿಡಿಯದಿದ್ದರೆ ಫ್ಯೂಸು, ರಿಲೇ ನೋಡಬೇಕು. ಗ್ಯಾಸು ತೀರಾ ಇಳಿದಾಗ ಪ್ರೆಷರ್ ಸ್ವಿಚ್ಚೇ ಕಂಪ್ರೆಸರನ್ನು ನಿಲ್ಲಿಸುವುದೂ ಇದೆ. ಆ ಸ್ವಿಚ್ಚನ್ನು ತಪ್ಪಿಸಿ ವೈರು ನೇರ ಕೊಡುತ್ತೇನೆ ಎನ್ನುವವನ ಕೈಗೆ ಗಾಡಿ ಕೊಡಬೇಡ. ಕಂಪ್ರೆಸರಿಗೆ ಬೇಕಾದ ಆಯಿಲು ಗ್ಯಾಸಿನ ಜೊತೆಗೇ ಸುತ್ತುತ್ತದೆ. ಗ್ಯಾಸಿಲ್ಲದೆ ಓಡಿಸಿದರೆ ಕಂಪ್ರೆಸರ್ ಜಾಮ್ ಆಗುತ್ತದೆ, ಸಣ್ಣ ರಿಪೇರಿ ದೊಡ್ಡ ಖರ್ಚಾಗುತ್ತದೆ.

ಕ್ಲಚ್ ಹಿಡಿಯುತ್ತಿದ್ದರೆ ಇನ್ನೊಂದು ಪ್ರಶ್ನೆ. ಅಂಕಲೇಶ್ವರದ ಟ್ರಾಫಿಕ್ಕಿನಲ್ಲಿ ನಿಂತಾಗ ಬಿಸಿ, ವಡೋದರ ದಾಟಿ ಎಕ್ಸ್‌ಪ್ರೆಸ್‌ವೇ ಹತ್ತಿದ ಮೇಲೆ ತಂಪು, ಹೀಗಾಗುತ್ತಿದೆಯೇ? ಹಾಗಿದ್ದರೆ ಮೊದಲ ಅನುಮಾನ ಕಂಡೆನ್ಸರ್ ಮತ್ತು ಅದರ ಫ್ಯಾನಿನ ಮೇಲೆ. ಗಾಡಿ ಓಡುವಾಗ ಗಾಳಿ ತಾನೇ ನುಗ್ಗುತ್ತದೆ, ನಿಂತಾಗ ಫ್ಯಾನೇ ಎಳೆಯಬೇಕು. ನೀನು ಸೂರತ್‌ನ ಬಟ್ಟೆ ಮಾರ್ಕೆಟ್ಟಿನ ಮಾಲು ಹೊರುವವನು. ಅಲ್ಲಿನ ನೂಲಿನ ಧೂಳು, ದಾರಿಯ ಮಣ್ಣು, ಹುಳುಹುಪ್ಪಟೆ ಎಲ್ಲ ಕಂಡೆನ್ಸರಿನ ಸಂದಿಯಲ್ಲಿ ಕಂಬಳಿಯಂತೆ ಕೂತಿರುತ್ತವೆ. ಇಂಜಿನ್ ಆರಿದ ಮೇಲೆ ಸಾದಾ ಪೈಪಿನ ನೀರಿನಿಂದ ಮೆಲ್ಲಗೆ ತೊಳೆ. ವಾಟರ್ ಸರ್ವಿಸಿನ ಜೆಟ್ ಹಿಡಿಸಬೇಡ, ಕಂಡೆನ್ಸರಿನ ತೆಳು ರೆಕ್ಕೆಗಳು ಮಡಚಿಕೊಂಡರೆ ಗಾಳಿಯ ದಾರಿಯೇ ಮುಚ್ಚುತ್ತದೆ.

ಕ್ಯಾಬಿನ್ ಕಡೆಯಿಂದ ಕಂಪ್ರೆಸರಿಗೆ ಬರುವ ದಪ್ಪ ಪೈಪು ತಣ್ಣಗಿದ್ದು ಬೆವರುತ್ತಿದೆ, ಆದರೂ ಒಳಗೆ ಬಿಸಿಗಾಳಿ ಬರುತ್ತಿದೆ ಎಂದರೆ ಗ್ಯಾಸಿನ ತಪ್ಪು ಇರಲಾರದು. ಹೀಟರಿನ ಬಿಸಿನೀರು ಬಂದ್ ಆಗಿಲ್ಲ, ಇಲ್ಲವೇ ಫ್ಲಾಪಿನ ಕೇಬಲ್ ಕಿತ್ತಿದೆ. ಹೊರಟಾಗ ತಂಪಾಗಿದ್ದು ಸ್ವಲ್ಪ ದೂರಕ್ಕೆ ನಿಂತುಹೋದರೆ ಒಳಗೆ ತೇವ ಸೇರಿ ವಾಲ್ವಿನ ಬಾಯಲ್ಲಿ ಮಂಜು ಕಟ್ಟುತ್ತಿರಬಹುದು. ಇದನ್ನೆಲ್ಲ ಮೆಕ್ಯಾನಿಕ್ಕಿಗೆ ಬಿಡಿಸಿ ಹೇಳು. ‘ಏಸಿ ಆಗ್ತಿಲ್ಲ, ಗ್ಯಾಸ್ ಹಾಕಿ’ ಎಂದರೆ ಅವನು ಗ್ಯಾಸೇ ಹಾಕುತ್ತಾನೆ.

ಗ್ಯಾಸು ಕಡಿಮೆ ಎಂದು ಗೇಜಿನಲ್ಲಿ ಕಂಡರೆ, ನೈಟ್ರೋಜನ್ ತುಂಬಿಸಿ ಸೋಪುನೊರೆ ಹಚ್ಚಿಸು, ಸೋರುವ ಜಾಗದಲ್ಲಿ ಗುಳ್ಳೆ ಏಳುತ್ತದೆ. ಬಹಳ ಸಲ ಕೀಲಿನ ಓ-ರಿಂಗ್, ಇಲ್ಲವೇ ಕಲ್ಲು ಬಡಿದ ಕಂಡೆನ್ಸರ್ ಆಗಿರುತ್ತದೆ. ಅದನ್ನು ಸರಿಮಾಡಿ, ಪೈಪು ಬಿಚ್ಚಿದ್ದರೆ ತೇವ ಹೀರುವ ಡ್ರೈಯರನ್ನೂ ಬದಲಿಸಿ, ಕನಿಷ್ಠ ಅರ್ಧ ಗಂಟೆ ವ್ಯಾಕ್ಯೂಮ್ ಎಳೆಯಬೇಕು. ಪಂಪು ನಿಲ್ಲಿಸಿದ ಮೇಲೂ ಮುಳ್ಳು ಏರದೆ ನಿಂತರೆ ಮಾತ್ರ ಗ್ಯಾಸು. ಅದೂ ತೂಕ ಮಾಡಿ. ಎಷ್ಟು ಗ್ರಾಂ ಎಂದು ಬಾನೆಟ್ಟಿನ ಕೆಳಗಿನ ಸ್ಟಿಕ್ಕರ್ ನೋಡು, ಇಲ್ಲದಿದ್ದರೆ ಕಂಪನಿಯ ಸರ್ವಿಸಿಗೆ ಫೋನ್ ಮಾಡಿ ಕೇಳು. ಹೆಚ್ಚು ಹಾಕಿದರೆ ಹೆಚ್ಚು ತಂಪೆಂದು ತಿಳಿಯಬೇಡ. ಅಹಮದಾಬಾದಿನ ಬಿಸಿಲಿಗೆ ಪ್ರೆಷರ್ ಮೊದಲೇ ಏರಿರುತ್ತದೆ, ಗ್ಯಾಸು ಹೆಚ್ಚಾದರೆ ತಂಪು ಇನ್ನೂ ಕಡಿಮೆಯಾಗುತ್ತದೆ. ಅಗ್ಗದ ಗ್ಯಾಸೆಂದು ಎಲ್‌ಪಿಜಿಯಂಥದ್ದನ್ನು ಬೆರೆಸಲು ಬಂದರೆ ಎದ್ದು ಬಾ. ನಿನ್ನ ಮೊಣಕಾಲಿನ ಮುಂದೆಯೇ ಬೆಂಕಿ ಹತ್ತುವ ವಸ್ತುವನ್ನು ತುಂಬಿಸಿಕೊಂಡು ಯಾರೂ ಗಾಡಿ ಓಡಿಸಬಾರದು.

ಇದಕ್ಕೆ ಖರ್ಚು ಹೆಚ್ಚೆಂದು ಗಾಡಿಯ ಮಾಲೀಕ ಶೇಠ್ ಬಳಿ ಬಾಯಿ ಬಿಡಲು ನಿನಗೆ ಸಂಕೋಚ, ಗೊತ್ತು. ಏಸಿ ಡ್ರೈವರನ ಶೋಕಿ ಎಂದು ಅವರು ಅಂದರೆ ಊರಿನ ಲೆಕ್ಕ ಹೇಳು. 2010ರ ಮೇ ತಿಂಗಳಲ್ಲಿ ಅಹಮದಾಬಾದ್ 46.8 ಡಿಗ್ರಿ ಮುಟ್ಟಿತು. ಆ ಒಂದೇ ತಿಂಗಳಲ್ಲಿ ಎಂದಿಗಿಂತ 1,344 ಜನ ಹೆಚ್ಚು ಸತ್ತರೆಂದು ಸಂಶೋಧಕರು ಲೆಕ್ಕ ತೆಗೆದರು. ಅದಾದ ಮೇಲೆಯೇ 2013ರಲ್ಲಿ ಅಲ್ಲಿನ ಮಹಾನಗರಪಾಲಿಕೆ ಬಿಸಿಲಲೆಗೆಂದೇ ಒಂದು ಕಾರ್ಯಯೋಜನೆ ಮಾಡಿತು, ದಕ್ಷಿಣ ಏಷ್ಯಾದಲ್ಲೇ ಅದು ಮೊದಲನೆಯದು. 2016ರ ಮೇ 20ರಂದು ಪಾದರಸ 48ಕ್ಕೇರಿತು. ಮುಚ್ಚಿದ ಲೋಹದ ಕ್ಯಾಬಿನ್ನಿನೊಳಗೆ, ಕಾಲಬುಡದಲ್ಲಿ ಇಂಜಿನ್ ಇಟ್ಟುಕೊಂಡು ಕೂತವನ ಪಾಡೇನು, ನೀನೇ ಹೇಳು. ಹೊಸದಾಗಿ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಏಸಿ ಇರಲೇಬೇಕೆಂದು ಕೇಂದ್ರ ಸರ್ಕಾರ ನಿಯಮ ಮಾಡಿದೆ. ಆದರೆ ಅದು ಮಾಲೂ ಸೇರಿ ಮೂರೂವರೆ ಟನ್ನಿಗಿಂತ ಹೆಚ್ಚು ತೂಗುವ ಗಾಡಿಗಳಿಗೆ. ನಿನ್ನಂಥವರ ಪಿಕಪ್ಪುಗಳು ಆ ಗೆರೆಯ ಕೆಳಗೇ ಉಳಿದಿವೆ. ಇದು ನನಗೆ ಸರಿಕಾಣುವುದಿಲ್ಲ. ಬಿಸಿಲು ಗಾಡಿಯ ತೂಕ ನೋಡಿ ಬಡಿಯುತ್ತದೆಯೇ? ಕಾನೂನು ನಿನ್ನ ಪರ ಇಲ್ಲದಿರುವುದರಿಂದಲೇ ನೀನು ಬಾಯಿ ಬಿಟ್ಟು ಕೇಳಬೇಕು.

ರಿಪೇರಿ ಆಗುವವರೆಗೆ ಮಧ್ಯಾಹ್ನದ ಟ್ರಿಪ್ಪು ಒಪ್ಪಬೇಡ, ನಸುಕಿಗೇ ಹೊರಡು. ನೀರು ಜೊತೆಗಿರಲಿ, ಸಿಕ್ಕಲ್ಲಿ ಉಪ್ಪು ಹಾಕಿದ ಮಜ್ಜಿಗೆ, ಅಲ್ಲಿನವರ ಛಾಸ್, ಕುಡಿ. ತಲೆ ಸಿಡಿದು, ವಾಕರಿಕೆ ಬಂದು, ಕಣ್ಣು ಮಂಜಾದರೆ ಮುಂದಿನ ಟೋಲ್ ತನಕ ಎಂದು ಓಡಿಸದೆ ನೆರಳಿಗೆ ಗಾಡಿ ಹಾಕಿ, ಮೈಗೆ ನೀರು ಸುರಿದುಕೊಂಡು 108ಕ್ಕೆ ಫೋನ್ ಮಾಡು.

ವಡೋದರದಲ್ಲಿ ಮಾಲು ಇಳಿಸುವ ದಿನ ಮಕರಪುರದ ಕಡೆಯ ಗ್ಯಾರೇಜಿನಲ್ಲಿ ಗಾಡಿ ತೋರಿಸು. ಬಿಲ್ಲಿನಲ್ಲಿ ಎಲ್ಲಿ ಸೋರುತ್ತಿತ್ತು, ಎಷ್ಟು ಗ್ರಾಂ ಹಾಕಿದರು ಎಂದು ಬರೆಸಿಕೊಂಡು ಅದರ ಫೋಟೋ ನನಗೆ ಕಳಿಸು.