ತಣ್ಣೀರಿನಲ್ಲಿ ಮೊದಲ ಒಂದು ನಿಮಿಷ

ನಮ್ಮ ಊರುಗಳಿಂದ ಎಷ್ಟೋ ಮಕ್ಕಳು ಓದಲಿಕ್ಕೆ, ನರ್ಸಿಂಗ್ ಕೆಲಸಕ್ಕೆ ಅಂತ ಐರ್ಲೆಂಡ್, ಇಂಗ್ಲೆಂಡ್, ಕೆನಡಾಕ್ಕೆ ಹೋಗಿದ್ದಾರೆ. ಬಿಸಿಲು ಬಿದ್ದ ದಿನ ಅಲ್ಲಿ ಎಲ್ಲರೂ ಸರೋವರಕ್ಕೋ ಸಮುದ್ರಕ್ಕೋ ಹೊರಡುತ್ತಾರೆ. "ನಮ್ಮವನು ಹೊಳೆಯಲ್ಲೇ ಈಜಿ ಬೆಳೆದವನು" ಎಂದು ಮನೆಯವರಿಗೆ ಧೈರ್ಯ. ಆದರೆ ನಮ್ಮ ಹೊಳೆಯ ನೀರು ಬೇರೆ, ಆ ನೀರು ಬೇರೆ. ಮೇ ತಿಂಗಳಲ್ಲಿ ಗಾಳಿ ಬೆಚ್ಚಗಿದ್ದರೂ ಐರ್ಲೆಂಡಿನ ಸಮುದ್ರದ ನೀರು ಸುಮಾರು 10–12 ಡಿಗ್ರಿ ಸೆಲ್ಸಿಯಸ್ ಅಷ್ಟೇ.

ಅಂಥ ನೀರಿಗೆ ಧುಮುಕಿದರೆ ಏನಾಗುತ್ತದೆ? ಚರ್ಮ ಥಟ್ಟನೆ ತಣ್ಣಗಾದ ಕೂಡಲೇ, ನಾವು ಬೇಡವೆಂದರೂ ದೇಹ ಒಂದು ದೊಡ್ಡ ಉಸಿರನ್ನು ಒಳಗೆಳೆದುಕೊಳ್ಳುತ್ತದೆ. ತಲೆಗೆ ತಣ್ಣೀರು ಸುರಿದುಕೊಂಡಾಗ "ಹಾ!" ಅನ್ನುತ್ತೇವಲ್ಲ, ಅದೇ, ಆದರೆ ಬಹಳ ಜೋರಾಗಿ. ಆಗ ಬಾಯಿ ನೀರಿನೊಳಗಿದ್ದರೆ ನೀರೇ ಒಳಗೆ ಹೋಗುತ್ತದೆ. ಆಮೇಲೆ ಹಿಡಿತಕ್ಕೆ ಸಿಗದ ಏದುಸಿರು. ಚರ್ಮದ ರಕ್ತನಾಳಗಳು ಬಿಗಿದು ರಕ್ತದೊತ್ತಡ ಏರುತ್ತದೆ, ಎದೆಬಡಿತ ಹೆಚ್ಚುತ್ತದೆ. ಹೃದಯದ ಕಾಯಿಲೆ ಇರುವವರಿಗೆ ಇದು ತುಂಬಾ ಅಪಾಯ. ಇದಕ್ಕೆ 'ಕೋಲ್ಡ್ ಶಾಕ್' ಅನ್ನುತ್ತಾರೆ.

ತಣ್ಣೀರಿಗೆ ಬಿದ್ದವರು ಮರಗಟ್ಟಿ ಸಾಯುತ್ತಾರೆ ಎಂದೇ ನಾವೆಲ್ಲ ತಿಳಿದಿರುತ್ತೇವೆ. ಕೆನಡಾದ ಮನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಹೇಳಿಕೊಡುವ ಲೆಕ್ಕ ನೋಡಿ: ಮಂಜುಗಡ್ಡೆಯಂಥ ನೀರಿನಲ್ಲೂ ಉಸಿರು ಹತೋಟಿಗೆ ಬರಲು 1 ನಿಮಿಷ, ಕೈಕಾಲು ಮಾತು ಕೇಳುವುದು ಸುಮಾರು 10 ನಿಮಿಷ, ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ. ಅಂದರೆ ಮೊದಲ ನಿಮಿಷ ದಾಟಿದರೆ ಸಮಯ ಇದೆ.

ಹಾಗಾಗಿ ಬಿದ್ದ ಕೂಡಲೇ ಈಜಲು ಹೋಗಬಾರದು. ಈಜು ಬಲ್ಲವರಿಗೆ ಇದನ್ನು ಒಪ್ಪಿಸುವುದೇ ಕಷ್ಟ! ತಲೆ ಹಿಂದಕ್ಕೆ ವಾಲಿಸಿ, ಕಿವಿ ನೀರಿನಲ್ಲಿ, ಮುಖ ಮೇಲೆ ಇಟ್ಟು ತೇಲಬೇಕು. ಉಸಿರು ಸರಿಯಾದ ಮೇಲೆ ಕೂಗಬೇಕು, ಇಲ್ಲವೆ ದಡಕ್ಕೆ ಬರಬೇಕು. ಬ್ರಿಟನ್, ಐರ್ಲೆಂಡಿನ ಜೀವರಕ್ಷಕ ದೋಣಿ ಸಂಸ್ಥೆ ಆರ್‌ಎನ್‌ಎಲ್‌ಐ ಕಲಿಸುವುದೂ ಇದನ್ನೇ. ಫೋನ್ ಮಾಡಿದಾಗ ಮಕ್ಕಳಿಗೆ ಇಷ್ಟು ಹೇಳಿ. ದೋಣಿ ಹತ್ತಿದರೆ ಲೈಫ್ ಜಾಕೆಟ್ ಬೇಕೇ ಬೇಕು.

ಮೇಲೆತ್ತಿದವರನ್ನು ಮಲಗಿಸಿ, ಒದ್ದೆ ಬಟ್ಟೆ ತೆಗೆದು ಕಂಬಳಿ ಹೊದಿಸಿ. ಕೈಕಾಲು ತಿಕ್ಕುವುದು, ಬ್ರಾಂದಿ ಕುಡಿಸುವುದು ಎರಡೂ ಬೇಡ. ಬ್ರಾಂದಿ ಮೈಯ ಶಾಖವನ್ನು ಹೊರಗೆ ಬಿಡುತ್ತದೆ. ಉಸಿರು ನಿಂತಿದ್ದರೆ ಸತ್ತರೆಂದು ಬಿಡಬೇಡಿ, ಬಾಯಿಯಿಂದ ಉಸಿರು ಕೊಡುತ್ತಾ ಎದೆ ಒತ್ತುತ್ತಿರಿ. 1999ರಲ್ಲಿ ನಾರ್ವೆಯಲ್ಲಿ ಅನ್ನಾ ಬೋಗೆನ್‌ಹೋಮ್ ಎಂಬ ವೈದ್ಯೆ ಮಂಜುಗಡ್ಡೆಯ ಕೆಳಗೆ ಸುಮಾರು 80 ನಿಮಿಷ ಸಿಕ್ಕಿಕೊಂಡಿದ್ದರು. ಮೈಯ ತಾಪ 13.7 ಡಿಗ್ರಿಗೆ ಇಳಿದಿತ್ತು, ಹೃದಯ ನಿಂತಿತ್ತು. ಅವರು ಬದುಕಿ ಮತ್ತೆ ವೈದ್ಯೆಯಾಗಿ ಕೆಲಸಕ್ಕೆ ಬಂದರು. ಹೆಲಿಕಾಪ್ಟರ್‌ನಲ್ಲಿ ಆಸ್ಪತ್ರೆಗೆ ಒಯ್ಯುವಾಗಲೂ ಅವರ ಎದೆ ಒತ್ತುವುದನ್ನು ನಿಲ್ಲಿಸಿರಲಿಲ್ಲ.